‘ಶೇಕಡಾ ಐವತ್ತು ಎಕ್ಸ್‌ಟ್ರಾ’ ಎಂದರೆ ಅರ್ಧ ಬೆಲೆಯೇ?

ಕಳೆದ ವರ್ಷದ ಬೋಧನಾಭ್ಯಾಸದ ಹೊತ್ತಿನಲ್ಲಿ ಗಣಿತ ವಿಧಾನದ ಪ್ರಶಿಕ್ಷಣಾರ್ಥಿಯೊಬ್ಬರು ಎಂಟನೇ ತರಗತಿಗೆ ‘ರಿಯಾಯಿತಿ’ಯ ಪಾಠ ಯೋಜನೆ ಬರೆದು ನನ್ನ ಬಳಿ ಸಹಿಗೆ ತಂದರು. ಪೀಠಿಕೆಯಲ್ಲಿ ಮೊಬೈಲ್ ಆಟವೊಂದರ ‘ಆಫರ್’ ಪರದೆಯನ್ನು ಚಾರ್ಟಿನ ಮೇಲೆ ಬಿಡಿಸಿ ತೋರಿಸುವುದಾಗಿ ಬರೆದಿದ್ದರು. ನಾನು ಆ ಭಾಗವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ‘ಸೂಕ್ತವಲ್ಲ’ ಎಂದು ಬರೆದೆ. “ಇದು ಬೇಡಮ್ಮ, ಮಕ್ಕಳು ಮೊದಲೇ ಮೊಬೈಲು ಬಿಡುತ್ತಿಲ್ಲ. ಕೊಡೆಯನ್ನೋ ಸೀರೆಯನ್ನೋ ತೆಗೆದುಕೊಳ್ಳಿ” ಎಂದೆ. ಅವರು ಮರುಮಾತಾಡದೆ ಯೋಜನೆ ತಿದ್ದಿಕೊಂಡು ಬಂದರು.

ಪಾಠವೇನೂ ಕೆಟ್ಟದಾಗಿರಲಿಲ್ಲ. ನಮೂದಿತ ಬೆಲೆ 400 ರೂಪಾಯಿಯ ಕೊಡೆ, ಶೇ. 10 ಸೋಡಿ, ಮಾರಿದ ಬೆಲೆ 360 ರೂಪಾಯಿ. ಕಪ್ಪುಹಲಗೆ ಚೊಕ್ಕಟವಾಗಿತ್ತು, ಪ್ರಶ್ನೆಗಳು ಹಂಚಿಕೆಯಾಗಿದ್ದವು. ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಅಂಕವನ್ನೇ ಕೊಟ್ಟೆ. ಗಂಟೆ ಬಾರಿಸಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಅವರ ಬಳಿ ಬಂದು, “ಮಿಸ್, ಐವತ್ತು ಪರ್ಸೆಂಟ್ ಎಕ್ಸ್‌ಟ್ರಾ ಅಂದ್ರೆ ಅರ್ಧ ರೇಟು ತಾನೆ?” ಎಂದು ಕೇಳಿದ. ಅವರು ಒಂದು ಕ್ಷಣ ಯೋಚಿಸಿ “ಹೂಂ, ಹೌದು” ಎಂದರು. ಪಕ್ಕದಲ್ಲೇ ನಿಂತಿದ್ದ ನಾನೂ ತಲೆಯಾಡಿಸಿದೆ. “ನಾನೂ ಅಮ್ಮಂಗೆ ಹಂಗೇ ಹೇಳಿದ್ದೆ” ಎಂದು ಅವನು ಖುಷಿಯಲ್ಲಿ ಓಡಿದ. ವಿಚಾರಿಸಿದರೆ, ಮೊಬೈಲ್ ಆಟದ ‘ಡೈಮಂಡ್’ ಕೊಳ್ಳಲು ಅರ್ಧ ರೇಟಿಗೆ ಸಿಗುತ್ತದೆಂದು ಹೇಳಿ ತಾಯಿಯಿಂದ 200 ರೂಪಾಯಿ ಹಾಕಿಸಿಕೊಂಡಿದ್ದನಂತೆ. ಆಕೆ ಮನೆಯಲ್ಲಿ ರವಿಕೆ ಹೊಲಿದು ಸಂಸಾರ ನಡೆಸುವವರು ಎಂದು ತರಗತಿ ಶಿಕ್ಷಕರು ಆಮೇಲೆ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. 200 ರೂಪಾಯಿಗೆ 200 ಸಿಗುವ ಕಡೆ ಶೇ. 50 ಹೆಚ್ಚುವರಿ ಎಂದರೆ 300 ಸಿಗುತ್ತದೆ. ಅಂದರೆ ಒಂದಕ್ಕೆ ಸುಮಾರು 67 ಪೈಸೆ. ಉಳಿತಾಯ ಮೂರರಲ್ಲಿ ಒಂದು ಪಾಲು, ಶೇ. 33⅓. ನಿಜಕ್ಕೂ ಅರ್ಧ ಬೆಲೆಯಾಗಿದ್ದರೆ 400 ಸಿಗಬೇಕಿತ್ತು. ಪ್ರಶಿಕ್ಷಣಾರ್ಥಿ ತಪ್ಪು ಹೇಳಿದರು, ಇಪ್ಪತ್ತು ವರ್ಷ ಗಣಿತ ವಿಧಾನ ಕಲಿಸಿದ ನಾನು ಆ ತಪ್ಪಿಗೆ ತಲೆಯಾಡಿಸಿದೆ. ಆ ಪ್ರಶ್ನೆಗೆ ಉತ್ತರ ಸಿಗಬಹುದಾಗಿದ್ದ ಪಾಠವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದವನೂ ನಾನೇ.

ವಿಡಿಯೋ ಗೇಮಿನ ಬೆಲೆ ನಮ್ಮ ಗಣಿತ ತರಗತಿಯೊಳಕ್ಕೆ ಬರಬೇಕು, ಉಪದೇಶವಾಗಿ ಅಲ್ಲ, ಲೆಕ್ಕವಾಗಿ ಬರಬೇಕು ಎಂಬುದು ಈಗ ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಹೇಳುತ್ತೇನೆ.

ಏರುತ್ತಿರುವ ಬೆಲೆಯಲ್ಲಿರುವ ಪಾಠ

ಟಿ.ವಿ.ಗೆ ಜೋಡಿಸಿ ಆಡುವ ದೊಡ್ಡ ಆಟಗಳ ಬೆಲೆ ಅಮೆರಿಕದಲ್ಲಿ 2005ರ ಕೊನೆಯಿಂದ ಬಹುಕಾಲ 60 ಡಾಲರಿನಲ್ಲಿ ನಿಂತಿತ್ತು. ಪ್ಲೇಸ್ಟೇಷನ್ 5 ಬಂದ 2020ರಲ್ಲಿ ಅದು 70 ಡಾಲರಾಯಿತು. 2025ರ ಜೂನ್‌ನಲ್ಲಿ ನಿಂಟೆಂಡೊ ಕಂಪನಿಯ ‘ಮಾರಿಯೋ ಕಾರ್ಟ್ ವರ್ಲ್ಡ್’ 80 ಡಾಲರಿಗೆ ಬಂತು. ಮೈಕ್ರೋಸಾಫ್ಟ್ ಕೂಡ ಒಂದು ಆಟಕ್ಕೆ 80 ಡಾಲರ್ ಘೋಷಿಸಿ, ಬಳಿಕ ಅದನ್ನು 70ಕ್ಕೆ ಇಳಿಸಿತು. ನಮ್ಮಲ್ಲಿ ಪ್ಲೇಸ್ಟೇಷನ್ 5 ಯಂತ್ರ 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂದು, 2022ರ ಕೊನೆಯಲ್ಲಿ 54,990 ಆಯಿತು. ಎಲೆಕ್ಟ್ರಾನಿಕ್ ವಸ್ತು ಹಳೆಯದಾದಂತೆ ಅಗ್ಗವಾಗುತ್ತದೆ ಎಂದು ನಂಬಿದವರಿಗೆ ಇದು ಶೇ. 10ರ ಏರಿಕೆ.

60ರಿಂದ 80 ಎಂದರೆ ಶೇ. 33⅓ ಏರಿಕೆ ಎಂದು ಎಂಟನೇ ತರಗತಿಯ ಮಗು ಹೇಳುತ್ತದೆ. ಆದರೆ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕವನ್ನು ಹಿಡಿದು ನೋಡಿದರೆ, 2005ರಲ್ಲಿ 60 ಡಾಲರಿಗೆ ಬರುತ್ತಿದ್ದ ಸಾಮಾನಿಗೆ 2025ರಲ್ಲಿ ಸುಮಾರು 98 ಡಾಲರ್ ಬೇಕು. ಚೀಟಿಯ ಮೇಲಿನ ಬೆಲೆ ಏರಿದ್ದರೂ ಅಲ್ಲಿಯವರಿಗೆ ಆಟ ಆಗಿನದಕ್ಕಿಂತ ಅಗ್ಗ. ಹಣದುಬ್ಬರ ಎಂಬ ಪದವನ್ನು ಸಮಾಜ ವಿಜ್ಞಾನದ ಪುಸ್ತಕದಿಂದ ಬಾಯಿಪಾಠ ಮಾಡಿಸುವ ನಾವು ಇಷ್ಟು ಹತ್ತಿರದ ಉದಾಹರಣೆಯನ್ನು ಬಿಡಬಾರದು.

ಡಾಲರನ್ನು ರೂಪಾಯಿಗೆ ತಂದರೆ ಇನ್ನೊಂದು ಪಾಠ ಸಿಗುತ್ತದೆ. 2005ರಲ್ಲಿ ಡಾಲರಿಗೆ ಸುಮಾರು 44 ರೂಪಾಯಿ, 2025ರ ಮಧ್ಯದಲ್ಲಿ ಸುಮಾರು 86. ನೇರವಾಗಿ ಪರಿವರ್ತಿಸಿದರೆ ಅಂದಿನ ಆಟ 2,640 ರೂಪಾಯಿ, ಇಂದಿನದು 6,880. ಡಾಲರ್ ಬೆಲೆ ಶೇ. 33ರಷ್ಟು ಏರಿದೆ, ಡಾಲರಿನ ದರ ಶೇ. 95ರಷ್ಟು ಏರಿದೆ. ಒಟ್ಟು ಏರಿಕೆ ಎಷ್ಟು ಎಂದು ಕೇಳಿ ನೋಡಿ. ಬಹುಪಾಲು ಮಕ್ಕಳು ಎರಡನ್ನೂ ಕೂಡಿಸಿ ಶೇ. 128 ಎನ್ನುತ್ತಾರೆ. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲೂ ಹಲವರು ಹಾಗೇ ಎಂದರು. ನಿಜವಾದ ಉತ್ತರ ಶೇ. 160ರಷ್ಟು. ಒಂದರ ಮೇಲೊಂದು ಬರುವ ಶೇಕಡಾವಾರುಗಳನ್ನು ಕೂಡಿಸುವುದಲ್ಲ, ಗುಣಿಸುವುದು ಎಂಬ ಮಾತು ಇಲ್ಲಿ ಮನಸ್ಸಿಗಿಳಿಯುತ್ತದೆ. ಕಂಪನಿಗಳು ಭಾರತಕ್ಕೆ ಬೇರೆಯೇ ಬೆಲೆ ಇಡುವುದುಂಟು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಪ್ಲೇಸ್ಟೇಷನ್ 5 ಹೊಸದಾಗಿ ಬಂದಾಗ 70 ಡಾಲರಿನ ಆಟಕ್ಕೆ ಇಲ್ಲಿ 4,999 ರೂಪಾಯಿ ಇತ್ತು.

‘ಫ್ರೀ’ ಆಟದ ಬೆಲೆ

ನಮ್ಮ ಬೋಧನಾಭ್ಯಾಸದ ಶಾಲೆಗಳ ಮಕ್ಕಳ ಮನೆಯಲ್ಲಿ ಪ್ಲೇಸ್ಟೇಷನ್ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅವರು ಆಡುವುದು ಅಪ್ಪನ ಅಥವಾ ಅಮ್ಮನ ಮೊಬೈಲಿನಲ್ಲಿ, ಪುಕ್ಕಟೆಯಾಗಿ ಇಳಿಸಿಕೊಳ್ಳುವ ಆಟಗಳನ್ನು. ಆದರೆ ಈ ‘ಫ್ರೀ’ ಆಟಗಳಲ್ಲೇ ಬೆಲೆ ಹೆಚ್ಚು ಮರೆಯಾಗಿರುತ್ತದೆ. ವೇಷ, ಬಂದೂಕಿನ ಬಣ್ಣ, ತಿಂಗಳ ‘ಪಾಸ್’ ಯಾವುದಕ್ಕೂ ರೂಪಾಯಿಯಲ್ಲಿ ಬೆಲೆ ಬರೆದಿರುವುದಿಲ್ಲ. ಮೊದಲು ರೂಪಾಯಿ ಕೊಟ್ಟು ಡೈಮಂಡನ್ನೋ ನಾಣ್ಯವನ್ನೋ ಕೊಳ್ಳಬೇಕು, ಆಮೇಲೆ ಅದನ್ನು ಕೊಟ್ಟು ವೇಷ ಕೊಳ್ಳಬೇಕು. ಜಾತ್ರೆಯ ತೊಟ್ಟಿಲಿಗೆ ಟೋಕನ್ ಕೊಂಡ ಹಾಗೆ. ಕೈಯಿಂದ ಹಣ ಹೋದದ್ದು ಒಂದು ಸಲ, ಖರ್ಚಾಗುವುದು ಹತ್ತು ಸಲ.

ಇದಕ್ಕೊಂದು ಲೆಕ್ಕ ಮಾಡಿಕೊಳ್ಳೋಣ. ಸಂಖ್ಯೆಗಳು ಪಾಠಕ್ಕಾಗಿ ಕಲ್ಪಿಸಿಕೊಂಡವು. ಒಂದು ಆಟದಲ್ಲಿ 100 ಡೈಮಂಡಿಗೆ 90 ರೂಪಾಯಿ, 300ಕ್ಕೆ 250, 600ಕ್ಕೆ 450. ಮಗುವಿಗೆ ಬೇಕಾದ ವೇಷಕ್ಕೆ 350 ಡೈಮಂಡ್. ಸರಿಯಾಗಿ 350 ಕೊಳ್ಳುವ ದಾರಿಯೇ ಇಲ್ಲ. 300 ಮತ್ತು 100ರ ಕಟ್ಟು ಕೊಂಡರೆ 340 ರೂಪಾಯಿ, 50 ಡೈಮಂಡ್ ಉಳಿಯುತ್ತದೆ. ಆ ಉಳಿಕೆಗೆ ಏನೂ ಬಾರದೇ ಹೋದರೆ ವೇಷದ ಪ್ರತಿ ಡೈಮಂಡಿಗೆ 97 ಪೈಸೆ ಬಿದ್ದಂತಾಯಿತು. ಇದು ಅತಿ ದುಬಾರಿ ಕಟ್ಟಿನ 90 ಪೈಸೆಗಿಂತಲೂ ಹೆಚ್ಚು. 600ರ ಕಟ್ಟಿನಲ್ಲಿ ಪ್ರತಿ ಡೈಮಂಡಿಗೆ 75 ಪೈಸೆ ಮಾತ್ರ. ಅದೇ ಅಗ್ಗ ಎಂದು ಕೊಂಡರೆ ಕೈಯಿಂದ 110 ರೂಪಾಯಿ ಹೆಚ್ಚು ಹೋಗುತ್ತದೆ. ಬಿಡಿ ಬೆಲೆ ಕಡಿಮೆಯಾದ ಮಾತ್ರಕ್ಕೆ ಖರ್ಚು ಕಡಿಮೆಯಾಗುವುದಿಲ್ಲ. ಉಳಿದ 50 ಡೈಮಂಡ್ ಕಣ್ಣೆದುರಿಗೆ ಇದ್ದರೆ, ಇನ್ನಷ್ಟು ಹಾಕಿದರೆ ಮತ್ತೊಂದು ಸಿಗುತ್ತದಲ್ಲ ಎಂಬ ಆಸೆಯೂ ಹುಟ್ಟುತ್ತದೆ.

ಇದು ಮಕ್ಕಳ ದೌರ್ಬಲ್ಯ ಮಾತ್ರವಲ್ಲ, ಪರದೆಯನ್ನು ಹಾಗೆ ರೂಪಿಸುವುದೂ ಉಂಟು. ‘ಫೋರ್ಟ್‌ನೈಟ್’ ಆಟದಲ್ಲಿ ಆಟಗಾರರಿಗೆ ಬೇಡದ ಖರೀದಿಗಳಾಗುವಂತೆ ಗುಂಡಿಗಳನ್ನು ಇಟ್ಟದ್ದಕ್ಕೆ, ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳಿಂದ ಹಣ ಪಡೆದದ್ದಕ್ಕೆ ಎಪಿಕ್ ಗೇಮ್ಸ್ ಕಂಪನಿ 24.5 ಕೋಟಿ ಡಾಲರ್ ಹಿಂದಿರುಗಿಸಬೇಕೆಂಬ ಒಪ್ಪಂದವನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಒಳಗೇನಿದೆ ಎಂದು ತಿಳಿಯದೆ ಹಣ ಕೊಟ್ಟು ತೆರೆಯುವ ಪೆಟ್ಟಿಗೆಗಳಿರುವ ಕೆಲವು ಆಟಗಳನ್ನು ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲೇ ಜೂಜಿನ ಸಾಲಿಗೆ ಸೇರಿಸಿತು. ಈ ಪೆಟ್ಟಿಗೆಯೇ ಸಂಭವನೀಯತೆಯ ಪಾಠ. ನೂರರಲ್ಲಿ ಒಂದು ಸಲ ಸಿಗುವ ವೇಷ ನೂರು ಸಲ ತೆರೆದರೆ ಖಂಡಿತ ಸಿಗುತ್ತದೆಯೇ ಎಂದು ಹತ್ತನೇ ತರಗತಿಯಲ್ಲಿ ಕೇಳಿ. ಖಂಡಿತವಿಲ್ಲ. ನೂರು ಸಲವೂ ಸಿಗದೆ ಹೋಗುವ ಸಂಭವನೀಯತೆ ಸುಮಾರು ಶೇ. 37. ದಾಳ ನಾಣ್ಯಗಳನ್ನು ಮಾತ್ರ ಬಲ್ಲ ಪುಸ್ತಕದ ಅಧ್ಯಾಯಕ್ಕೆ ಇದರಿಂದ ಜೀವ ಬರುತ್ತದೆ.

ಉಳಿತಾಯದ ದಾರಿಗಳು

‘ಆಡಲೇಬೇಡ’ ಎಂಬುದು ಅತಿ ದೊಡ್ಡ ಉಳಿತಾಯ ನಿಜ. ಆದರೆ ಅದನ್ನು ಕೇಳಿದ ಮಗು ಆಡುವುದನ್ನು ಬಿಡುವುದಿಲ್ಲ, ನಮಗೆ ಹೇಳುವುದನ್ನು ಬಿಡುತ್ತದೆ. ಆಡುವ ಮಗುವಿಗೆ ಹಣ ಉಳಿಸುವುದನ್ನು ಕಲಿಸುವುದೂ ಶಿಕ್ಷಕರ ಕೆಲಸವೇ. ಆಟ ಆಡುವವರು ತಾವೇ ಕಂಡುಕೊಂಡ ದಾರಿಗಳು ಹಲವಾರಿವೆ, ಪ್ರತಿಯೊಂದರಲ್ಲೂ ಲೆಕ್ಕವಿದೆ.

ಮೊದಲನೆಯದು ಕಾಯುವುದು. ಕಂಪ್ಯೂಟರ್ ಆಟಗಳನ್ನು ಮಾರುವ ‘ಸ್ಟೀಮ್’ ಮಳಿಗೆಯಲ್ಲಿ ಬೇಸಿಗೆ, ಚಳಿಗಾಲ ಎಂದು ವರ್ಷದಲ್ಲಿ ಕೆಲವು ಸಲ ದೊಡ್ಡ ರಿಯಾಯಿತಿ ಮಾರಾಟ ನಡೆಯುತ್ತದೆ. ಹಳೆಯ ಆಟಗಳು ಅರ್ಧ ಬೆಲೆಗೂ ಕಾಲು ಬೆಲೆಗೂ ಸಿಗುವುದುಂಟು. ಇಲ್ಲಿಯ ಗಣಿತವೆಂದರೆ ರಿಯಾಯಿತಿಯ ಮೇಲಿನ ರಿಯಾಯಿತಿ. 1,000 ರೂಪಾಯಿಯ ಆಟಕ್ಕೆ ಶೇ. 50 ಕಳೆದು, ಮೇಲೆ ಶೇ. 20 ಕಳೆದರೆ 400 ರೂಪಾಯಿ. ಒಟ್ಟು ರಿಯಾಯಿತಿ ಶೇ. 60, ಶೇ. 70 ಅಲ್ಲ. ಬೇಡದ ಐದು ಆಟಗಳನ್ನು ಅರ್ಧ ಬೆಲೆಗೆ ಕೊಂಡವನು ಉಳಿಸಿದ್ದೇನೂ ಇಲ್ಲ ಎಂಬುದೂ ಇದೇ ಪಾಠದ ಭಾಗ.

ಎರಡನೆಯದು ಹಿಂದಿರುಗಿಸುವ ನಿಯಮ ತಿಳಿದಿರುವುದು. ಸ್ಟೀಮ್‌ನಲ್ಲಿ ಕೊಂಡ ಆಟವನ್ನು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಿಂದಿರುಗಿಸಿ ಹಣ ಕೇಳಬಹುದು. ‘ಮತ್ತು’ ಎಂಬುದಕ್ಕೂ ‘ಅಥವಾ’ ಎಂಬುದಕ್ಕೂ ಇರುವ ಅಂತರವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ವಾಕ್ಯ ಸಿಗುವುದು ಕಷ್ಟ. ಭಾಷಾ ವಿಧಾನದ ಪ್ರಶಿಕ್ಷಣಾರ್ಥಿಗಳೂ ಇಂಥ ನಿಯಮಗಳ ಓದನ್ನು ಪಾಠವಾಗಿಸಬಹುದು.

ಮೂರನೆಯದು ಸೆಕೆಂಡ್ ಹ್ಯಾಂಡ್ ಡಿಸ್ಕ್. 4,000 ರೂಪಾಯಿಗೆ ಕೊಂಡ ಡಿಸ್ಕನ್ನು ಆಡಿ ಮುಗಿಸಿ 2,500ಕ್ಕೆ ಮಾರಿದರೆ ಆಟಕ್ಕೆ ತಗುಲಿದ್ದು 1,500 ಮಾತ್ರ. ಅದನ್ನೇ ಅಂತರ್ಜಾಲದಲ್ಲಿ 3,500ಕ್ಕೆ ಇಳಿಸಿಕೊಂಡರೆ ಕೊಳ್ಳುವಾಗ ಅಗ್ಗ, ಆದರೆ ಮರಳಿ ಮಾರುವಂತಿಲ್ಲ. ಲಾಭ ನಷ್ಟದ ಅಧ್ಯಾಯದಲ್ಲಿ ಕೊಂಡ ಬೆಲೆ, ಮಾರಿದ ಬೆಲೆ ಎಂದು ಹೇಳುವಾಗ ಈ ಹೋಲಿಕೆ ಚೆನ್ನಾಗಿ ಕೂಡುತ್ತದೆ. ಗೆಳೆಯರು ಒಬ್ಬೊಬ್ಬರು ಒಂದೊಂದು ಡಿಸ್ಕ್ ಕೊಂಡು ಬದಲಾಯಿಸಿಕೊಳ್ಳುವುದು ಇನ್ನೂ ಅಗ್ಗ.

ನಾಲ್ಕನೆಯದು ನಿಜವಾಗಿ ಪುಕ್ಕಟೆಯಾದವು. ಎಪಿಕ್ ಕಂಪನಿಯ ಮಳಿಗೆಯಲ್ಲಿ ಪ್ರತಿ ವಾರ ಕಂಪ್ಯೂಟರ್ ಆಟವೊಂದನ್ನು ಉಚಿತವಾಗಿ ಕೊಡುತ್ತಾರೆ. ಸೂಪರ್‌ಟಕ್ಸ್‌ಕಾರ್ಟ್, ಟಕ್ಸ್‌ಮ್ಯಾಥ್, ಜಿಕಾಂಪ್ರಿಸ್‌ನಂಥ ಮುಕ್ತ ತಂತ್ರಾಂಶದ ಆಟಗಳನ್ನು ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲೇ ಹಾಕಿಕೊಳ್ಳಬಹುದು, ಒಳಗೆ ಏನನ್ನೂ ಮಾರುವುದಿಲ್ಲ. ಆದರೆ ‘ಉಚಿತ ಡೈಮಂಡ್’ ಕೊಡುತ್ತೇವೆಂದು ಪಾಸ್‌ವರ್ಡ್ ಕೇಳುವ ಜಾಲತಾಣಗಳು ಮೋಸದವು ಎಂಬ ಮಾತನ್ನು ತರಗತಿಯಲ್ಲಿ ಸ್ಪಷ್ಟವಾಗಿ ಹೇಳಬೇಕು.

ಐದನೆಯದು ಗಂಟೆಯ ಲೆಕ್ಕ. 2,400 ರೂಪಾಯಿಯ ಆಟವನ್ನು 80 ಗಂಟೆ ಆಡಿದರೆ ಗಂಟೆಗೆ 30 ರೂಪಾಯಿ. 300 ರೂಪಾಯಿಯದನ್ನು ಎರಡು ಗಂಟೆಯಲ್ಲಿ ಬಿಟ್ಟರೆ ಗಂಟೆಗೆ 150. ಆಟಗಾರರು ಈ ಲೆಕ್ಕವನ್ನು ಮೆಚ್ಚುತ್ತಾರೆ. ಆದರೆ ಇದರಲ್ಲೊಂದು ಮೋಸವಿದೆ: ಹೆಚ್ಚು ಹೊತ್ತು ಆಡಿದಷ್ಟೂ ಉಳಿತಾಯವಾದಂತೆ ಕಾಣುತ್ತದೆ. ಹೊತ್ತಿಗೂ ಬೆಲೆಯುಂಟು ಎಂಬುದನ್ನು ಮಕ್ಕಳ ಬಾಯಿಂದಲೇ ಹೊರಡಿಸಬೇಕು. ನಾವು ಹೇಳಿದರೆ ಅದು ಮತ್ತೆ ಉಪದೇಶವಾಗುತ್ತದೆ.

ಕೊನೆಯದು ಪೋಷಕರಿಗೆ. ಪ್ಲೇ ಸ್ಟೋರಿನ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿಕೊಳ್ಳಬಹುದು. ಯು.ಪಿ.ಐ. ಪಿನ್ ಮಕ್ಕಳಿಗೆ ಹೇಳಬಾರದು. ಪೋಷಕರ ಸಭೆಯಲ್ಲಿ ಹತ್ತು ನಿಮಿಷ ಇದಕ್ಕೆ ಕೊಟ್ಟರೆ ಸಾಕು.

ಆಕ್ಷೇಪಗಳು

ನಮ್ಮ ವಿಭಾಗದ ಸಭೆಯಲ್ಲಿ ಈ ಮಾತೆತ್ತಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, “ನೀವು ಗೇಮಿಗೆ ಪ್ರಚಾರ ಕೊಡ್ತಿದ್ದೀರಿ” ಎಂದರು. ಬಡ್ಡಿಯ ಲೆಕ್ಕ ಕಲಿಸುವುದು ಸಾಲಕ್ಕೆ ಪ್ರಚಾರವಲ್ಲ. ಆದರೂ ಅವರ ಎಚ್ಚರಿಕೆಯಲ್ಲಿ ಅರ್ಥವಿದೆ. ಚಾರ್ಟಿನಲ್ಲಿ ನಿಜವಾದ ಆಟದ ಹೆಸರಾಗಲಿ ಚಿತ್ರವಾಗಲಿ ಬೇಡ, ಕಲ್ಪಿತ ಹೆಸರು ಸಾಕು. ಆ ಪ್ರಶಿಕ್ಷಣಾರ್ಥಿಯ ಯೋಜನೆಯಲ್ಲೂ ನಾನು ತಿದ್ದಬೇಕಾಗಿದ್ದದ್ದು ಇಷ್ಟನ್ನೇ.

ಇನ್ನೊಬ್ಬರು, “ಮೊಬೈಲೇ ಇಲ್ಲದ ಮಕ್ಕಳಿಗೆ ಕೀಳರಿಮೆಯಾಗುವುದಿಲ್ಲವೇ?” ಎಂದರು. ಇದು ಗಟ್ಟಿ ಆಕ್ಷೇಪ. ಆದ್ದರಿಂದ ‘ಯಾರು ಯಾರು ಆಡುತ್ತೀರಿ, ಎಷ್ಟು ಖರ್ಚು ಮಾಡಿದ್ದೀರಿ’ ಎಂದು ತರಗತಿಯಲ್ಲಿ ಕೈ ಎತ್ತಿಸಲೇಬಾರದು. ಖರ್ಚು ಮಾಡಿದವನಿಗೂ ಅವಮಾನ, ಮಾಡಲಾಗದವನಿಗೂ ಅವಮಾನ. ಲೆಕ್ಕ ಒಬ್ಬ ಕಲ್ಪಿತ ಹುಡುಗ ಅಥವಾ ಹುಡುಗಿಯದಾಗಿರಲಿ. ಆ ಲೆಕ್ಕಕ್ಕೆ ಬೇಕಾದ ತಿಳುವಳಿಕೆ ಅಂಗಡಿಯ ‘ಎರಡು ಕೊಂಡರೆ ಒಂದು ಫ್ರೀ’ಗೂ ಒದಗುತ್ತದೆ. ಅದೂ ಶೇ. 33⅓ರ ರಿಯಾಯಿತಿಯೇ.

ಮೂರನೆಯದಾಗಿ, ಹಣ ಕಟ್ಟಿ ಹಣ ಗೆಲ್ಲುವ ಆಟಗಳ ವಿಷಯ. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ವೇಷ ಕೊಳ್ಳುವುದು ಬೇರೆ, ಪಣ ಕಟ್ಟುವುದು ಬೇರೆ ಎಂಬ ಗೆರೆಯನ್ನು ಪ್ರಶಿಕ್ಷಣಾರ್ಥಿಗಳು ಮೊದಲು ತಾವು ತಿಳಿದುಕೊಂಡು ತರಗತಿಗೆ ಹೋಗಬೇಕು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾರ್ಗದರ್ಶಿ ತತ್ವಗಳಲ್ಲಿ ಮೊದಲನೆಯದು ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸುವುದು. ಇದನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ, ನಾವು ಅಂಕ ಕೊಡುತ್ತೇವೆ. ಆದರೆ ಪಾಠ ಯೋಜನೆಯಲ್ಲಿ ಆ ಹೊರಗಿನ ಬದುಕು ಕಾಣಿಸಿಕೊಂಡ ದಿನ ನಾನು ಅದಕ್ಕೆ ‘ಸೂಕ್ತವಲ್ಲ’ ಎಂದು ಬರೆದೆ. ಪಾಠ ವೀಕ್ಷಣೆ ಮಾಡುವ ನಾವು ನಮಗೆ ಪರಿಚಯವಿರುವ ಬದುಕನ್ನಷ್ಟೇ ಬದುಕು ಎಂದುಕೊಂಡಿದ್ದೇವೇನೋ ಎಂಬ ಅನುಮಾನ ಅಂದಿನಿಂದ ನನಗಿದೆ.

ಈ ವರ್ಷದ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಸಣ್ಣದು. ಶೇಕಡಾವಾರು, ಲಾಭ ನಷ್ಟ, ಸಂಭವನೀಯತೆ ಈ ಮೂರರಲ್ಲಿ ಯಾವುದಾದರೊಂದು ಪಾಠದ ವಿಸ್ತರಣೆಯ ಹಂತದಲ್ಲಿ ಆಟದ ಬೆಲೆಯ ಒಂದೇ ಒಂದು ಲೆಕ್ಕ ಸೇರಿಸಿ. ಉತ್ತರವನ್ನು ಮೊದಲು ನೀವು ಎರಡು ಸಲ ಮಾಡಿ ನೋಡಿ. ಮಕ್ಕಳು ತಮ್ಮದೇ ಪ್ರಶ್ನೆ ತಂದರೆ, ತಕ್ಷಣ ಉತ್ತರ ಹೊಳೆಯದಿದ್ದರೆ, “ನಾಳೆ ಇಬ್ಬರೂ ಲೆಕ್ಕ ಮಾಡಿಕೊಂಡು ಬರೋಣ” ಎನ್ನಿ. ನಾವಿಬ್ಬರೂ ಅಂದು ಹಾಗೆನ್ನಬೇಕಿತ್ತು.

ಆ ಪ್ರಶಿಕ್ಷಣಾರ್ಥಿ ಮರುದಿನ ಮೊದಲ ಅವಧಿಯಲ್ಲೇ ತಮ್ಮ ಉತ್ತರ ತಪ್ಪೆಂದು ತರಗತಿಯ ಮುಂದೆ ಒಪ್ಪಿಕೊಂಡು, ಹೆಚ್ಚುವರಿಗೂ ರಿಯಾಯಿತಿಗೂ ಇರುವ ವ್ಯತ್ಯಾಸವನ್ನು ಹಲಗೆಯ ಮೇಲೆ ಬಿಡಿಸಿದರು. ಹುಡುಗ ಎದ್ದು ನಿಂತು, “ಹಂಗಾದ್ರೆ ನೂರು ಪರ್ಸೆಂಟ್ ಎಕ್ಸ್‌ಟ್ರಾ ಕೊಟ್ರೆ ಅರ್ಧ ರೇಟು, ಅಲ್ವಾ ಮಿಸ್?” ಎಂದ. ಸರಿಯಾದ ಉತ್ತರ. ಇಡೀ ಬೋಧನಾಭ್ಯಾಸದಲ್ಲಿ ಮಗುವೊಂದು ತಾನಾಗಿ ಸೂತ್ರ ಕಂಡುಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಪಾಠಕ್ಕೆ ಯೋಜನೆಯೂ ಇರಲಿಲ್ಲ, ನನ್ನ ಸಹಿಯೂ ಇರಲಿಲ್ಲ.